ಹೃದಯದ ಬಿಡುವು

ನಾಸಿಕದ ಪಂಚವಟಿಯಲ್ಲಿ, ಗೋದಾವರಿಯ ರಾಮಕುಂಡದ ಬಳಿ, ಎರಡು ಮುಖದ ಮಾರುತಿಯ ವಿಗ್ರಹವಿದೆ. ಮಳೆಗಾಲದಲ್ಲಿ ನೀರು ಅದರ ಮೊಣಕಾಲಿಗೆ ಬಂದಿತೇ, ಸೊಂಟಕ್ಕೇರಿತೇ ಎಂದು ನೋಡಿ ಊರವರು ನೆರೆಯನ್ನು ಅಳೆಯುತ್ತಾರೆ. ನಮ್ಮ ದೇಹದೊಳಗೂ ರಕ್ತದ ಹೊಳೆ ಹರಿಯುತ್ತಿದೆ. ಧಮನಿಗಳಲ್ಲಿ ಅದರ ಒತ್ತಡವನ್ನು ಪಾದರಸದ ಎತ್ತರದಿಂದ ಹೇಳುವುದು ವಾಡಿಕೆ: ಹೃದಯವು ಸಂಕುಚಿಸುವಾಗ ಸುಮಾರು 120 ಮಿಲಿಮೀಟರು, ಸಡಿಲವಾದಾಗ 80.

ಸಂಕೋಚನವೇ ಹೃದಯದ ದುಡಿಮೆ, ಸಡಿಲಿಕೆ ಬರಿಯ ವಿಶ್ರಾಂತಿ ಎಂದು ನಾವು ಭಾವಿಸುವುದುಂಟು. ಅದು ಸರಿಯಲ್ಲ. ಸಂಕೋಚನವನ್ನು ಉಂಟುಮಾಡಿದ ಕ್ಯಾಲ್ಸಿಯಮನ್ನು ಜೀವಕೋಶವು ಶಕ್ತಿ ವ್ಯಯಿಸಿ ಅದರ ಭಂಡಾರಕ್ಕೆ ಮರಳಿಸಿದಾಗಲೇ ಸ್ನಾಯು ಸಡಿಲವಾಗುವುದು.

ಈ ಸಡಿಲಿಕೆಯ ಮೇಲೆ ಒತ್ತಡದ ಹೊರೆಗೂ ಪ್ರಭಾವವಿದೆ. ಬೆಲ್ಜಿಯಮಿನ ಡರ್ಕ್ ಬ್ರುಟ್ಸಾರ್ಟ್ ಮೊದಲಾದವರು 1980ರ ದಶಕದಲ್ಲಿ ಇದನ್ನು ವಿವರಿಸಿದರು. ಹೊರೆಯು ಸಂಕೋಚನದ ಆರಂಭದಲ್ಲಿ ತುಸು ಹೆಚ್ಚಿದರೆ ಸ್ನಾಯು ಹೆಚ್ಚು ಹೊತ್ತು ದುಡಿದು ತಡವಾಗಿ ಸಡಿಲಗೊಳ್ಳುತ್ತದೆ. ಕೊನೆಯಲ್ಲಿ ಹೆಚ್ಚಿದರೆ ಸಡಿಲಿಕೆ ಬೇಗ ತೊಡಗಿದರೂ ನಿಧಾನವಾಗಿ ಸಾಗುತ್ತದೆ. ಮುಪ್ಪಿನಲ್ಲಿ ಪೆಡಸಾದ ಧಮನಿಗಳಿಂದ ಒತ್ತಡದ ಅಲೆ ಬೇಗ ಹಿಂದಿರುಗಿ ಈ ಕೊನೆಯ ಹೊರೆಯನ್ನು ಹೆಚ್ಚಿಸುತ್ತದೆ.

ಸಡಿಲಿಕೆ ಕುಂದಿದರೆ ಎಡ ಹೃತ್ಕುಕ್ಷಿ ಸುಲಭವಾಗಿ ತುಂಬದು. ಅದರ ಒತ್ತಡ ಹಿಂದಕ್ಕೆ ಶ್ವಾಸಕೋಶಗಳನ್ನು ತಲಪಿ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಹೃದಯದ ಎಡಭಾಗದ ಸ್ನಾಯುವಿಗೆ ರಕ್ತ ದೊರೆಯುವುದೂ ಬಹುಪಾಲು ಈ ಬಿಡುವಿನಲ್ಲಿಯೇ.

ನದಿಯ ನೆರೆ ಕಣ್ಣಿಗೆ ಕಾಣುತ್ತದೆ. ಏರಿದ ರಕ್ತದೊತ್ತಡ ಕಾಣದು, ಅನೇಕ ವೇಳೆ ನೋವನ್ನೂ ಕೊಡದು. ಆದುದರಿಂದ ನಮ್ಮ ಮನೆಯ ಹಿರಿಯರ ರಕ್ತದೊತ್ತಡವನ್ನು ಕಾಲಕಾಲಕ್ಕೆ ಅಳತೆ ಮಾಡಿಸೋಣ.