ಚಿತ್ರಸಂತೆಯ ಧಾರಣೆ

ಕೃಷ್ಣೆಯ ದಂಡೆಯ ಅಂಕಲಿಯಲ್ಲಿ ಬೆಳೆದ ನಮಗೆ ಸಂತೆಯೆಂದರೆ ಕಾಯಿಪಲ್ಲೆ, ಕಾಳುಕಡಿ, ಬೆಲ್ಲ. ಇವೆಲ್ಲಕ್ಕೂ ಮಿಗಿಲಾಗಿ ಚೌಕಾಸಿ. ಚಿತ್ರವೂ ಸಂತೆಯ ಸರಕಾಗಬಲ್ಲದೆಂಬುದನ್ನು ನಾನು ಕಣ್ಣಾರೆ ಕಂಡದ್ದು 2025ರ ಜನವರಿ 5ರ ರವಿವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ.

ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆ ವರುಷಕ್ಕೊಮ್ಮೆ, ಒಂದು ದಿನದ ಮಟ್ಟಿಗೆ ನೆರೆಯುತ್ತದೆ. ಅಂದು ಆ ಬೀದಿ ವಾಹನಗಳಿಗೆ ಮುಚ್ಚಿ ಚಿತ್ರಗಳಿಗೆ ತೆರೆಯುತ್ತದೆ. ನಾಡಿನ ಮೂಲೆಮೂಲೆಗಳಿಂದಲೂ ಪರರಾಜ್ಯಗಳಿಂದಲೂ ಬಂದ ಸಾವಿರಕ್ಕೂ ಮಿಕ್ಕ ಕಲಾವಿದರು ಮರದ ನೆರಳಿನಲ್ಲಿ ತಮ್ಮ ಕೃತಿಗಳನ್ನು ಹರಡಿಕೊಂಡು ಕೂಡುತ್ತಾರೆ. ಮೈಸೂರು ಶೈಲಿಯ ಮಗ್ಗುಲಲ್ಲಿಯೇ ಮಧುಬನಿ. ವರ್ಲಿಯ ಎದುರಿಗೆ ಅರ್ಥಕ್ಕೆ ಸುಲಭವಾಗಿ ಎಟುಕದ ನವ್ಯಕಲೆ. ಸಾಂಕ್ರಾಮಿಕದ ನಿಮಿತ್ತ 2021ರಲ್ಲಿ ಸಂತೆ ಅಂತರ್ಜಾಲದಲ್ಲಿ ನೆರೆದಾಗ ಸಾಗರದಾಚೆಯವರಿಗೂ ಅದರ ಬಾಗಿಲು ತೆರೆಯಿತು. ಪರದೇಶದ ಕಲಾರಸಿಕರು ಇಂದು ಬೀದಿಯಲ್ಲಿಯೇ ಕಾಣಸಿಗುತ್ತಾರೆ.

ಈ ಕೀರ್ತಿ ಅಭಿಮಾನದ ಸಂಗತಿಯೇ ಸರಿ. ಆದರೆ ಕೀರ್ತಿಯ ಮಾದರಿ ಯಾವುದು? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1970ರಲ್ಲಿ ಮೊದಲಾದ ಕಲಾಮೇಳ ಜಗದ್ವಿಖ್ಯಾತವಾದುದು. ಅಲ್ಲಿ ಮಳಿಗೆ ಹೂಡುವವರು ಆಯ್ಕೆಯಾದ ಕಲಾವ್ಯಾಪಾರಿಗಳು. ಕೊಳ್ಳುವವನಿಗೂ ಕುಂಚ ಹಿಡಿದವನಿಗೂ ನಡುವೆ ಅವರೇ ಸೇತುವೆ. ದಿಲ್ಲಿಯಲ್ಲಿ 2008ರಲ್ಲಿ ಮೊದಲಾದ ಕಲಾಮೇಳವೂ ಬಹುಮಟ್ಟಿಗೆ ಆ ದಾರಿಯದೇ. ನಮ್ಮ ಚಿತ್ರಸಂತೆಯಲ್ಲಿ ಸೇತುವೆಯಿಲ್ಲ. ನೇರವಾಗಿ ಹೊಳೆಗೇ ಇಳಿಯಬೇಕು.

ನಾನು ಇಳಿದ ಪರಿಯನ್ನು ಹೇಳಲು ನಾಚಿಕೆಯಾಗುತ್ತದೆ. ವಿಜಾಪುರದ ಕಡೆಯ ತರುಣನೊಬ್ಬ ಬರೆದ ನದೀಘಟ್ಟದ ಜಲವರ್ಣ ಚಿತ್ರವೊಂದು ನಮ್ಮೂರ ಹೊಳೆಯನ್ನೇ ನೆನಪಿಗೆ ತಂದಿತು. ಸಾವಿರದೈನೂರು ಹೇಳಿದ. ಬದನೆಕಾಯಿಗೆ ಮಾಡುವಂತೆ ಜಗ್ಗಾಡಿ ಒಂಬೈನೂರಕ್ಕೆ ಇಳಿಸಿದೆ. ಚಿತ್ರವನ್ನು ಸುತ್ತುತ್ತ ಆತ ಮೆಲ್ಲಗೆ ಅಂದ: “ಆಗಲಿ ಸರ. ಆದರ ಇದನ್ನ ಬರೀಲಿಕ್ಕೆ ಎಷ್ಟು ದಿನಾ ಹಿಡೀತು ಅಂತ ನೀವು ಕೇಳಲಿಲ್ಲ.”

ಉತ್ತರ ತೋಚದೆ ನಿಂತಿದ್ದೆ. ಅಷ್ಟರಲ್ಲಿ ತಾಯಿಯೊಬ್ಬಳು ಮಗಳ ಕೈಹಿಡಿದು ಬಂದು ನೂರು ರೂಪಾಯಿಯ ಪುಟ್ಟ ರೇಖಾಚಿತ್ರಗಳ ಮುಂದೆ ಕುಳಿತಳು. ಮಗು ಒಂದೊಂದನ್ನೂ ಎತ್ತಿ ನೋಡಿ, ಕಡೆಗೆ ಎಮ್ಮೆಯ ಚಿತ್ರವನ್ನು ಎದೆಗವಚಿಕೊಂಡಿತು. ತಾಯಿ ಮರುಮಾತಿಲ್ಲದೆ ನೂರರ ನೋಟನ್ನು ಕೊಟ್ಟಳು. ಬಾಸೆಲ್ಲಿನಲ್ಲಿ ಈ ಮಗುವಿಗೆ ಸ್ಥಳವುಂಟೆ? ಚಿತ್ರಸಂತೆಗೆ ಜಗತ್ತಿನಲ್ಲಿ ಹಿರಿದಾದ ಹೆಸರು ಬರಲಿ. ಆದರೆ ಆ ಹೆಸರಿಗಾಗಿ ಎಮ್ಮೆಯ ಚಿತ್ರದ ನೂರು ರೂಪಾಯಿ ಸಾವಿರಗಳಾಗದಿರಲಿ. ಅಂತೆಯೇ, ನಮ್ಮ ಕಲಾವಿದನ ದುಡಿಮೆಯ ಬೆಲೆಯನ್ನು ನಮಗೆ ತಿಳಿಸಿಕೊಡಲು ಪರದೇಶದವರೇ ಬರಬೇಕಾಗದಿರಲಿ.

ಊರಿಗೆ ಮರಳಿ ಚಿತ್ರವನ್ನು ಪಡಸಾಲೆಯಲ್ಲಿ ತೂಗುಹಾಕಿದೆ. ಅವ್ವ ಬಹಳ ಹೊತ್ತು ನೋಡಿ, “ಇದು ಶ್ರಾವಣದ ಹೊಳಿ, ನೀರು ಕೆಂಪಗೈತಿ” ಎಂದಳು. ವಿಮರ್ಶಕರು ಇದಕ್ಕಿಂತ ಹೆಚ್ಚು ಏನು ಹೇಳಿಯಾರು? ಅಂದು ಸಂಜೆಯೇ ಆ ತರುಣನಿಗೆ ಉಳಿದ ಆರುನೂರು ರೂಪಾಯಿಗಳನ್ನು ಕಳುಹಿಸಿ, ಎಷ್ಟು ದಿನ ಹಿಡಿಯಿತೆಂದು ಕೇಳಿದೆ. “ಹನ್ನೊಂದು” ಎಂದು ಉತ್ತರ ಬಂದಿತು.