ಗಲ್ಲಾಪೆಟ್ಟಿಗೆಯಲ್ಲಿ ಮಲಗಿದ ಕಾರ್ಡು: ಇಟ್ಟುಕೊಳ್ಳೋದಾ, ಬಂದ್ ಮಾಡೋದಾ?

ಸೊಲ್ಲಾಪುರದ ಚಾದರದ ವ್ಯಾಪಾರಿ ಇರಲಿ, ಆದವಾನಿಯ ಹತ್ತಿ ಅಡತಿಯವರಿರಲಿ, ಕಾಸರಗೋಡಿನ ಅಡಿಕೆ ಬೆಳೆಗಾರರಿರಲಿ, ಗಲ್ಲಾಪೆಟ್ಟಿಗೆಯ ತಳದಲ್ಲಿ ಒಂದೆರಡು ಕ್ರೆಡಿಟ್ ಕಾರ್ಡು ಬಿದ್ದಿರುವುದು ಈಗ ಹೊಸ ಸಂಗತಿಯಲ್ಲ. ಒಂದನ್ನು ಕರೆಂಟ್ ಖಾತೆ ತೆಗೆದ ದಿನ ಬ್ಯಾಂಕಿನವರು ‘ಇರ್‍ಲಿ ತಗೊಳ್ರಿ, ಫ್ರೀ ಐತಿ’ ಎಂದು ಕೊಟ್ಟಿರುತ್ತಾರೆ. ಇನ್ನೊಂದನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿದ್ದಾಗ ಮಾಡಿಸಿದ್ದು, ಊರಿಗೆ ಬಂದು ಅಂಗಡಿ ಹಿಡಿದ ಮೇಲೆ ಅದನ್ನು ಮುಟ್ಟಿಯೇ ಇಲ್ಲ. ‘ಉಪಯೋಗಿಸಿಲ್ಲ, ಹಂಗಾಗಿ ಕೊಡೋದೂ ಏನಿಲ್ಲ’ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಮಾತ್ರ ನಿಜ.

ಕಾರ್ಡು ಮಲಗಿದ್ದರೂ ಅದರ ಖಾತೆ ಎಚ್ಚರವಾಗಿಯೇ ಇರುತ್ತದೆ. ಮೊದಲ ವರ್ಷ ಫ್ರೀ ಎಂದು ಕೊಟ್ಟ ಕಾರ್ಡಿಗೆ ಎರಡನೆಯ ವರ್ಷ ವಾರ್ಷಿಕ ಶುಲ್ಕ ಬೀಳುತ್ತದೆ. 500 ರೂಪಾಯಿ ಶುಲ್ಕವೆಂದರೆ ಶೇ. 18ರ ಜಿಎಸ್‌ಟಿ ಸೇರಿ 590. ಬಿಲ್ಲು ಹಳೆಯ ವಿಳಾಸಕ್ಕೋ ಬಳಕೆ ಬಿಟ್ಟ ಇಮೇಲಿಗೋ ಹೋಗುತ್ತದೆ, ಕಟ್ಟುವವರಿಲ್ಲ. ಅದರ ಮೇಲೆ ತಡದಂಡ, ದಂಡದ ಮೇಲೆ ಜಿಎಸ್‌ಟಿ, ಬಾಕಿಯ ಮೇಲೆ ತಿಂಗಳಿಗೆ ಶೇ. 3ರಿಂದ 4ರ ಬಡ್ಡಿ. ವರ್ಷದ ಲೆಕ್ಕ ಹಾಕಿದರೆ ಊರಿನ ಬಡ್ಡಿ ಸಾಹುಕಾರನೂ ನಾಚಬೇಕು. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಆದೇಶಿಸಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಹೀಗಾಗಿ ಆ ಕಡಿವಾಣವೂ ಇಲ್ಲ.

ಹಣ ಹೋಗುವುದು ಒಂದು ಕಡೆಯಾದರೆ, ಹೆಸರು ಕೆಡುವುದು ಇನ್ನೊಂದು ಕಡೆ. ಟ್ರಾಕ್ಟರಿಗೋ ಗೋದಾಮಿಗೋ ಸಾಲ ಬೇಕೆಂದು ಹೋದ ದಿನ ಮ್ಯಾನೇಜರು ಮೊದಲು ನೋಡುವುದು ಹೊಲದ ಉತಾರೆಯನ್ನಲ್ಲ, ‘ಸಿಬಿಲ್’ ವರದಿಯನ್ನು. ಸಿಬಿಲ್ ಸಂಸ್ಥೆ ಹುಟ್ಟಿದ್ದು 2000ದಲ್ಲಿ. ಇಂಥ ಕೆಲಸಕ್ಕೆ ಈಗ ದೇಶದಲ್ಲಿ ನಾಲ್ಕು ಸಂಸ್ಥೆಗಳಿದ್ದರೂ ಜನರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ. ಅಂಕ 300ರಿಂದ 900ರವರೆಗೆ. 750 ದಾಟಿದರೆ ಬ್ಯಾಂಕಿನವರು ನಕ್ಕು ಮಾತಾಡಿಸುತ್ತಾರೆ. ಮರೆತ ಕಾರ್ಡಿನ 590 ರೂಪಾಯಿ ಬಾಕಿಯೂ ಆ ವರದಿಯಲ್ಲಿ ಬಾಕಿಯೇ. ಲಕ್ಷಗಟ್ಟಲೆ ವಹಿವಾಟನ್ನು ಬಾಯಿಮಾತಿನ ಮೇಲೆ ನಡೆಸುವ ವ್ಯಾಪಾರಿಗೆ ಇದು ಅನ್ಯಾಯವೆನಿಸುವುದು ಸಹಜ. ಆದರೆ ಕಂಪ್ಯೂಟರಿಗೆ ನಿಮ್ಮ ಪೇಟೆಯ ಮರ್ಯಾದೆ ಗೊತ್ತಿಲ್ಲ.

ಹಾಗಾದರೆ ಎಲ್ಲವನ್ನೂ ಬಂದ್ ಮಾಡಿ ಕೈ ತೊಳೆದುಕೊಂಡರಾಯಿತೆ? ಅಲ್ಲೂ ಒಂದು ಗಂಟಿದೆ.

ಲೆಕ್ಕ ನೋಡೋಣ. ಒಬ್ಬರ ಬಳಿ ಎರಡು ಕಾರ್ಡುಗಳಿವೆ ಎನ್ನಿ. ಒಂದರ ಮಿತಿ 1 ಲಕ್ಷ, ಇನ್ನೊಂದರದು 50 ಸಾವಿರ. ಲಕ್ಷದ ಕಾರ್ಡು ಮಲಗಿದೆ, ಐವತ್ತು ಸಾವಿರದ್ದರಲ್ಲಿ ತಿಂಗಳಿಗೆ 45 ಸಾವಿರದ ಖರ್ಚು ನಡೆಯುತ್ತದೆ. ಒಟ್ಟು ಮಿತಿ ಒಂದೂವರೆ ಲಕ್ಷ, ಬಳಕೆ ಶೇ. 30. ಲಕ್ಷದ ಕಾರ್ಡನ್ನು ಬಂದ್ ಮಾಡಿದ ಮರುದಿನ ಅದೇ 45 ಸಾವಿರ ಶೇ. 90 ಆಗುತ್ತದೆ. ಒಂದು ಪೈಸೆ ಹೆಚ್ಚು ಸಾಲ ಮಾಡಿಲ್ಲ, ಆದರೂ ವರದಿಯಲ್ಲಿ ‘ಈ ಮನುಷ್ಯ ಕುತ್ತಿಗೆತನಕ ಸಾಲದಲ್ಲಿದ್ದಾನೆ’ ಎಂಬಂತೆ ಕಾಣುತ್ತದೆ, ಅಂಕ ಇಳಿಯುತ್ತದೆ. ಹಳೆಯ ಕಾರ್ಡಿಗೆ ಇನ್ನೊಂದು ಬೆಲೆಯೂ ಇದೆ. ಎಷ್ಟು ವರ್ಷದಿಂದ ಸಾಲದ ಶಿಸ್ತು ಕಾಯ್ದುಕೊಂಡಿದ್ದೀರಿ ಎಂಬುದಕ್ಕೆ ಅದು ಸಾಕ್ಷಿ. ಮುಚ್ಚಿದ ಖಾತೆಯ ಚರಿತ್ರೆ ಒಮ್ಮೆಗೇ ಅಳಿಸಿಹೋಗುವುದಿಲ್ಲ, ಕೆಲವು ವರ್ಷ ವರದಿಯಲ್ಲಿ ಉಳಿಯುತ್ತದೆ. ಆದ್ದರಿಂದ ‘ಹಳೇ ಕಾರ್ಡು ತೆಗೆದ್ರ ಮುಗೀತು’ ಎಂದು ಹೆದರಿಸುವವರ ಮಾತನ್ನು ಪೂರ್ತಿ ನಂಬಬೇಕಿಲ್ಲ.

ಈ ಬರಹಗಾರನ ಅಭಿಪ್ರಾಯ ಇಷ್ಟು. ಬರುವ ಆರು ತಿಂಗಳಲ್ಲಿ ಮನೆ, ವಾಹನ, ಗೋದಾಮಿನ ಸಾಲಕ್ಕೆ ಅರ್ಜಿ ಹಾಕುವ ವಿಚಾರವಿದ್ದರೆ ಈಗ ಯಾವ ಕಾರ್ಡನ್ನೂ ಮುಟ್ಟಬೇಡಿ, ಬಾಕಿ ಮಾತ್ರ ಚುಕ್ತಾ ಮಾಡಿ. ಅಂಥ ವಿಚಾರ ಇಲ್ಲದಿದ್ದರೆ ಶುಲ್ಕ ಬೀಳುವ, ಬಳಸದ ಕಾರ್ಡನ್ನು ತೆಗೆದುಹಾಕಿ. ಆಜೀವ ಉಚಿತವಾದ ಹಳೆಯ ಕಾರ್ಡು ಒಂದಿರಲಿ. ಆದರೆ ತಿಂಗಳ ಬಿಲ್ಲು ನೋಡುವವರು ಮನೆಯಲ್ಲಿ ಯಾರೂ ಇಲ್ಲ ಎಂದಾದರೆ ಅಂಕದ ಆಸೆಗೆ ಅದನ್ನೂ ಇಟ್ಟುಕೊಳ್ಳಬಾರದು. ಅಂಕ ಇಪ್ಪತ್ತು ಇಳಿದರೆ ಏರಿಸಬಹುದು, ಕಾಣದ ಬಾಕಿ ಬೆಳೆದರೆ ಬಿಡಿಸುವುದು ಕಷ್ಟ.

ಇಟ್ಟುಕೊಳ್ಳುವುದೆಂದರೆ ಸುಮ್ಮನೆ ಇಡುವುದಲ್ಲ. ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿರ್ದೇಶನದಂತೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡಿನ ಬಗ್ಗೆ ಬ್ಯಾಂಕು ನಿಮಗೆ ತಿಳಿಸಬೇಕು. 30 ದಿನದಲ್ಲಿ ನಿಮ್ಮಿಂದ ಉತ್ತರ ಬರದಿದ್ದರೆ, ಬಾಕಿ ಇಲ್ಲದ ಖಾತೆಯನ್ನು ಅದೇ ಮುಚ್ಚುತ್ತದೆ. ನೀವು ನಿರ್ಧರಿಸದಿದ್ದರೆ ನಿಮ್ಮ ಪರವಾಗಿ ಬ್ಯಾಂಕು ನಿರ್ಧರಿಸುತ್ತದೆ ಎಂದಾಯಿತು. ಮೂರು ನಾಲ್ಕು ತಿಂಗಳಿಗೊಮ್ಮೆ ಕರೆಂಟ್ ಬಿಲ್ಲೋ ಪೆಟ್ರೋಲೋ ಅದರಲ್ಲಿ ಹಾಕಿ, ಬಿಲ್ಲು ಬಂದಾಗ ಪೂರ್ತಿ ಕಟ್ಟಿದರೆ ಸಾಕು. ರುಪೇ ಕಾರ್ಡಾದರೆ ಯುಪಿಐಗೆ ಜೋಡಿಸಲು 2022ರಿಂದ ಅವಕಾಶವಿದೆ. ಕಿರಾಣಿ ಅಂಗಡಿಯ ಕ್ಯೂಆರ್ ಚೀಟಿಯ ಮೇಲೂ ನಡೆದೀತು.

ಬಂದ್ ಮಾಡುವ ಬಗೆ

ಕತ್ತರಿಯಲ್ಲಿ ಕಾರ್ಡು ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ. ಮೊದಲು ಆ ಕಾರ್ಡಿನಿಂದ ತಾನಾಗಿಯೇ ಹೋಗುತ್ತಿರುವ ವಿಮೆ, ಫಾಸ್ಟ್ಯಾಗ್, ಮೊಬೈಲ್ ಹಣವನ್ನು ಬೇರೆ ಕಡೆ ತಿರುಗಿಸಿ. ಕಂತು ಉಳಿದಿದ್ದರೆ ತೀರಿಸಿ. ರಿವಾರ್ಡ್ ಪಾಯಿಂಟು ಇದ್ದರೆ ತೆಗೆದುಕೊಳ್ಳಿ. ಮನೆಯವರ ಹೆಸರಲ್ಲಿ ಇದೇ ಖಾತೆಯ ಉಪಕಾರ್ಡು ಇದ್ದರೆ ಅದೂ ಜತೆಗೇ ಹೋಗುತ್ತದೆ ಎಂಬುದು ನೆನಪಿರಲಿ. ಆಮೇಲೆ ವಿನಂತಿ. ಸಹಾಯವಾಣಿ, ಇಮೇಲು, ಮೊಬೈಲ್ ಆ್ಯಪು ಯಾವುದಾದರೂ ಸರಿ. ‘ಅಂಚೆಯಲ್ಲೇ ಕಳಿಸಿ’ ಎಂದು ಬ್ಯಾಂಕು ಪಟ್ಟು ಹಿಡಿಯುವಂತಿಲ್ಲ.

ಫೋನು ಮಾಡಿದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಸಿಹಿದನಿ ಬರುತ್ತದೆ. ‘ಯಾಕೆ ಸರ್, ಈ ವರ್ಷದ ಶುಲ್ಕ ಮಾಫಿ ಮಾಡಿಸುತ್ತೇವೆ, ಮಿತಿ ಏರಿಸುತ್ತೇವೆ’ ಎನ್ನುತ್ತದೆ. ಮಾಫಿ ಒಂದು ವರ್ಷಕ್ಕೋ ಶಾಶ್ವತಕ್ಕೋ ಎಂದು ಕೇಳಿ. ಒಂದೇ ವರ್ಷಕ್ಕಾದರೆ ‘ಬ್ಯಾಡ್ರಿ, ಬಂದ್ ಮಾಡ್ರಿ’ ಎಂದು ನಿಂತುಬಿಡಿ. ವಿನಂತಿ ಸಂಖ್ಯೆ, ತಾರೀಖು ಎರಡನ್ನೂ ಬರೆದಿಟ್ಟುಕೊಳ್ಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಖಾತೆ ಮುಚ್ಚಬೇಕು. ತಡವಾದ ಪ್ರತಿ ದಿನಕ್ಕೆ ಬ್ಯಾಂಕು ನಿಮಗೆ 500 ರೂಪಾಯಿ ದಂಡ ಕೊಡಬೇಕು ಎಂಬುದು ಅದೇ 2022ರ ನಿಯಮ. ಮುಚ್ಚಿದ್ದಕ್ಕೆ ಪತ್ರ ಪಡೆದು ಖಾತೆ ಕಾಗದದ ಜತೆ ಇಡಿ.

ಇಲ್ಲಿ ಒಂದು ಬಲೆ ಇದೆ. ಬಾಕಿ 40 ಸಾವಿರ ಇದ್ದವರಿಗೆ ವಸೂಲಿಯವರು ಬಂದು ‘20 ಸಾವಿರ ಕೊಡಿ, ಮುಗಿಸಿಬಿಡೋಣ’ ಎನ್ನುತ್ತಾರೆ. ಅಡತಿ ಅಂಗಡಿಯಲ್ಲಿ ತೋಡಿ ಮಾಡಿ ಲೆಕ್ಕ ಹರಿಯುವುದು ರೂಢಿ, ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಕಾರ್ಡಿನ ಲೆಕ್ಕದಲ್ಲಿ ಹಾಗಲ್ಲ. ಪೂರ್ತಿ ಕಟ್ಟಿದರೆ ವರದಿಯಲ್ಲಿ ‘ಕ್ಲೋಸ್ಡ್’, ತೋಡಿ ಮಾಡಿದರೆ ‘ಸೆಟಲ್ಡ್’. ಕೇಳಲು ಎರಡೂ ಒಂದೇ ಎನಿಸುತ್ತವೆ. ಮುಂದೆ ಸಾಲ ಕೊಡುವ ಮ್ಯಾನೇಜರು ಎರಡನೆಯದನ್ನು ‘ಪೂರ್ತಿ ಕೊಡದೆ ಕೈ ಎತ್ತಿದವನು’ ಎಂದೇ ಓದುತ್ತಾನೆ. ಸಾಧ್ಯವಿದ್ದರೆ ಪೂರ್ತಿ ಕಟ್ಟುವುದೇ ಲೇಸು.

ಗಡಿಯವರಿಗೆ ಇನ್ನೆರಡು ತೊಡಕುಗಳಿವೆ. ಮೊದಲನೆಯದು ಹೆಸರು. ಶಾಲೆಯ ದಾಖಲೆ ಮರಾಠಿಯಲ್ಲೋ ತೆಲುಗಿನಲ್ಲೋ, ಮನೆಯ ಕರೆ ಕನ್ನಡದಲ್ಲಿ, ಕಾರ್ಡಿನಲ್ಲಿ ಇಂಗ್ಲಿಷ್. ಒಂದು ಕಡೆ ಅಪ್ಪನ ಹೆಸರು ನಡುವೆ, ಇನ್ನೊಂದು ಕಡೆ ಊರಿನ ಹೆಸರು ಮುಂದೆ. ಹೀಗಿರುವಾಗ ಒಬ್ಬರ ಲೆಕ್ಕ ಇನ್ನೊಬ್ಬರ ವರದಿಯಲ್ಲಿ ಸೇರಬಹುದು, ಮುಚ್ಚಿದ ಕಾರ್ಡು ತೆರೆದಂತೆಯೇ ಕಾಣಬಹುದು. 2017ರಿಂದ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕೆಂಬ ನಿಯಮವಿದೆ. ಕಾರ್ಡು ಮುಚ್ಚಿ ಎರಡು ತಿಂಗಳಾದ ಮೇಲೆ ಒಂದನ್ನು ತರಿಸಿ ನೋಡಿ. ಎರಡನೆಯದು ಮೊಬೈಲ್ ನಂಬರು. ರಾಜ್ಯ ಬದಲಿಸಿದಾಗ ಸಿಮ್ಮು ಬದಲಿಸಿ ಹಳೆಯದನ್ನು ಬಿಟ್ಟವರು ಬಹಳ. ಬಿಟ್ಟ ನಂಬರು ಸ್ವಲ್ಪ ಕಾಲದ ನಂತರ ಬೇರೆಯವರ ಕೈಗೆ ಹೋಗುತ್ತದೆ. ಬ್ಯಾಂಕಿನ ಸಂದೇಶವೂ ಓಟಿಪಿಯೂ ಅವರಿಗೇ ತಲುಪುತ್ತವೆ. ಕಾರ್ಡು ಇಟ್ಟುಕೊಳ್ಳುವುದಾದರೂ ತೆಗೆಯುವುದಾದರೂ ಮೊದಲ ಕೆಲಸ ನಂಬರು ಸರಿಪಡಿಸುವುದು.

ಕಿಸಾನ್ ಕ್ರೆಡಿಟ್ ಕಾರ್ಡಿನ ಮಾತೇ ಬೇರೆ. 1998ರಲ್ಲಿ ಬಂದ ಅದು ಹೆಸರಿಗೆ ಕಾರ್ಡಾದರೂ ನಿಜಕ್ಕೆ ಬೆಳೆಸಾಲ. ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಮೇಲಿನ ಲೆಕ್ಕ ಹಾಕಿ ಅದನ್ನು ಮುಚ್ಚಲು ಹೋಗಬೇಡಿ. ಹೊಲ ಮಾರುವುದಕ್ಕೋ ಪಾಲಾಗುವುದಕ್ಕೋ ಮುಚ್ಚಲೇಬೇಕಾದರೆ, ಬ್ಯಾಂಕಿನ ‘ಬಾಕಿ ಇಲ್ಲ’ ಪತ್ರ ಕೈಗೆ ಬಂದರೆ ಮುಗಿಯಿತೆಂದು ಕೂರಬಾರದು. ಜಮೀನಿನ ಮೇಲೆ ಸಾಲ ದಾಖಲಾಗಿದ್ದರೆ ಜತ್ತ, ಅಕ್ಕಲಕೋಟೆಯವರು ಸಾತಬಾರಾದ ‘ಇತರ ಹಕ್ಕು’ಗಳಲ್ಲಿರುವ ಬೋಜಾ ಇಳಿಸಿಕೊಳ್ಳಬೇಕು. ಗಡಿಯ ಈಚೆಗೂ ಹೊಲವಿದ್ದವರು ಪಹಣಿಯ ಋಣದ ಕಾಲಂ ನೋಡಬೇಕು. ಹೊಸೂರು, ತಾಳವಾಡಿಯವರು ವಿಲ್ಲಂಗ ಪತ್ರ ತೆಗೆಸಿ ನೋಡುವುದು ಒಳ್ಳೆಯದು.

ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಬ್ಯಾಂಕು ಮಾತು ಕೇಳದಿದ್ದರೆ ಮೊದಲು ಅದಕ್ಕೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ, ಶಾಖೆ ಯಾವ ರಾಜ್ಯದಲ್ಲಿದೆ ಎಂಬ ಪ್ರಶ್ನೆಯೇ ಬರುವುದಿಲ್ಲ. ದೂರು ಕೊಡುವ ಬಗೆ ತಿಳಿಯಲು 14448ಕ್ಕೆ ಫೋನು ಮಾಡಬಹುದು. ಸೊಲ್ಲಾಪುರದಿಂದ ಮಾಡಿದರೂ ಕನ್ನಡದಲ್ಲೇ ಕೇಳಬಹುದು. ಬಂದ್ ಮಾಡಲು ಹೇಳಿದ ದಿನ ಬರೆದಿಟ್ಟ ವಿನಂತಿ ಸಂಖ್ಯೆ ಆಗ ಕೈಯಲ್ಲಿರಲಿ.