ಆದಿತ್ಯವಾರದ ಬಿಡುವು

ನಮ್ಮ ಸಂಘದ ಕಾರ್ಯಕ್ರಮಗಳು ಹೆಚ್ಚಾಗಿ ನಡೆಯುವುದು ಭಾನುವಾರ. ಅದು ಸಹಜವೇ. ಮುಂಬಯಿಯಲ್ಲಿ ಆರು ದಿನ ಲೋಕಲ್ ಗಾಡಿಯ ಹಿಂದೆ ಓಡುವವರಿಗೆ ಕನ್ನಡದ ನಾಲ್ಕು ಮಾತು ಕೇಳಲು, ನಮ್ಮವರ ಮುಖ ನೋಡಲು ಸಿಗುವುದು ಅದೊಂದೇ ದಿನ. ಆದರೆ ಬೆಳಗಿನ ಕಾರ್ಯಕ್ರಮವಾದರೆ ನಾನು ಬರುವುದಿಲ್ಲ. ಬಂದರೂ ಊಟದ ಹೊತ್ತಿಗೆ. ಒಮ್ಮೆ ಮಹಿಳಾ ವಿಭಾಗದ ಗೆಳತಿಯೊಬ್ಬರು ನಗುತ್ತ, "ಒಂದು ಭಾನುವಾರ ಚರ್ಚಿಗೆ ಹೋಗದಿದ್ದರೆ ನಿಮ್ಮ ದೇವರು ಮುನಿಸಿಕೊಳ್ಳುತ್ತಾನೇನ್ರಿ?" ಎಂದು ಕೇಳಿದರು. ನಾನೂ ನಕ್ಕು ಸುಮ್ಮನಾದೆ. ಪ್ರಶ್ನೆ ಮಾತ್ರ ಮನೆಯವರೆಗೂ ನನ್ನ ಹಿಂದೆಯೇ ಬಂತು. ಅದಕ್ಕೆ ಉತ್ತರವಾಗಿ ಈ ಬರಹ.

ನಾನು ಹುಟ್ಟಿ ಬೆಳೆದದ್ದು ಉಡುಪಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರಿಂದ ಬೆಳೆದ ಕನ್ನಡ ಸಭೆಗಳಲ್ಲಿ ನಮ್ಮದೂ ಒಂದು. ನಮ್ಮ ಕಡೆ ಭಾನುವಾರವೆಂದರೆ ಆದಿತ್ಯವಾರ. ಅಜ್ಜಿಯ ಬಾಯಲ್ಲಿ ತುಳುವಿನ 'ಐತಾರ'. ಅಜ್ಜಿಯ ಐತಾರ ಶನಿವಾರ ಮಧ್ಯಾಹ್ನವೇ ಆರಂಭವಾಗುತ್ತಿತ್ತು. ಹಿಟ್ಟು, ಮಸಾಲೆ ರುಬ್ಬಿಡುವುದು, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುವುದು, ಕಿತ್ತುಹೋದ ಗುಂಡಿ ಹೊಲಿಯುವುದು, ಮಕ್ಕಳ ಬಟ್ಟೆಗೆ ಕೆಂಡದ ಇಸ್ತ್ರಿ ಹಾಕುವುದು. ಮರುದಿನ ಯಾರೂ ಸೂಜಿ ಹಿಡಿಯುವಂತಿರಲಿಲ್ಲ; ರುಬ್ಬುವ ಕಲ್ಲಿನ ಸದ್ದು ಕೇಳಿಸುವಂತಿರಲಿಲ್ಲ. ಇಸ್ರಾಯೇಲ್ಯರು ಅರಣ್ಯದಲ್ಲಿ ಮನ್ನವನ್ನು ಆರನೆಯ ದಿನ ಎರಡರಷ್ಟು ಕೂಡಿಸಿಟ್ಟುಕೊಂಡ ಕಥೆಯನ್ನು ಅಜ್ಜಿ ಶನಿವಾರ ತಪ್ಪದೆ ಹೇಳುತ್ತಿದ್ದರು, ಮಸಾಲೆ ರುಬ್ಬುತ್ತಲೇ.

ಬೆಳಿಗ್ಗೆ ಗಂಟೆಯಾದೊಡನೆ ಸಂಡೇ ಸ್ಕೂಲು, ಆಮೇಲೆ ಆರಾಧನೆ. ಪ್ರಸಂಗ ಉದ್ದವಾದರೆ ನಾವು ಮಕ್ಕಳು ತೂಕಡಿಸುತ್ತಿದ್ದೆವು. ಆಗ ಅಜ್ಜಿ ಕಿವಿಯಲ್ಲಿ "ಯೂತಿಖ" ಎನ್ನುತ್ತಿದ್ದರು. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಯುವಕ ಅವನು. ಪೌಲನ ಪ್ರಸಂಗ ಮಧ್ಯರಾತ್ರಿಯವರೆಗೂ ಬೆಳೆದಾಗ ಕಿಟಕಿಯಲ್ಲಿ ಕುಳಿತವನು ನಿದ್ದೆ ಹೋಗಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ದೇವರ ದಯೆಯಿಂದ ಬದುಕಿದ.

ಆ ಕೂಟ ನಡೆದದ್ದು ವಾರದ ಮೊದಲನೆಯ ದಿನ ಎಂದು ಅಲ್ಲಿಯೇ ಬರೆದಿದೆ. ಮೋಶೆಯ ಹತ್ತು ಆಜ್ಞೆಗಳು ಹೇಳುವ ಸಬ್ಬತ್ ದಿನ ಮಾತ್ರ ಏಳನೆಯದು, ಅಂದರೆ ಶನಿವಾರ. ಯೆಹೂದ್ಯರು ಇಂದಿಗೂ ಪಾಲಿಸುವುದು ಅದನ್ನೇ. ನಮ್ಮ ಮುಂಬಯಿಯ ಬೆನೆ ಇಸ್ರೇಲಿಗಳ ಪೂರ್ವಿಕರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ' ಎಂದೇ ಕರೆದರು. ಮಾಂಡವಿಯಲ್ಲಿ ಅವರು 1796ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರವಿದೆ. ಒಂದು ಜನ ತಮ್ಮ ಬಿಡುವಿನ ದಿನದಿಂದಲೇ ಹೆಸರು ಪಡೆದದ್ದು ನನಗೆ ಬಹಳ ಚೆಂದವೆನಿಸುತ್ತದೆ.

ಕ್ರಿಸ್ತನು ಸಮಾಧಿಯಿಂದ ಎದ್ದದ್ದು ವಾರದ ಮೊದಲನೆಯ ದಿನವಾದ್ದರಿಂದ ಕ್ರೈಸ್ತರು ಆ ದಿನ ಕೂಡತೊಡಗಿದರು. ಅದನ್ನು ಕರ್ತನ ದಿನ ಎಂದರು. ಕ್ರಿ.ಶ. 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ನ್ಯಾಯಾಲಯಗಳೂ ಪಟ್ಟಣದ ಕಸುಬುಗಳೂ ನಿಲ್ಲಬೇಕೆಂದು ಶಾಸನ ಹೊರಡಿಸಿದ. ರೈತರಿಗೆ ಮಾತ್ರ ವಿನಾಯಿತಿ. ಬಿತ್ತನೆಯ ಹದ ಭಾನುವಾರಕ್ಕಾಗಿ ಕಾಯುವುದಿಲ್ಲವಲ್ಲ! ಶನಿವಾರವನ್ನೇ ಪಾಲಿಸಬೇಕೆನ್ನುವ ಕ್ರೈಸ್ತರೂ ಇದ್ದಾರೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಅಂಥವರು. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಯಾವ ದಿನ ಎನ್ನುವುದಕ್ಕಿಂತ ಯಾರಿಗೆ ಎನ್ನುವುದು ದೊಡ್ಡ ಪ್ರಶ್ನೆಯೆಂದು ನನಗೆ ತೋರುತ್ತದೆ. ಅದನ್ನು ಕಲಿಸಿದ್ದು ಮುಂಬಯಿ.

ಭಾನುವಾರದ ರಜೆ ಬ್ರಿಟಿಷರು ಚರ್ಚಿಗೆ ಹೋಗಲೆಂದು ತಂದದ್ದು ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಕಚೇರಿಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಈ ಊರಿನ ಬಟ್ಟೆ ಗಿರಣಿಗಳಲ್ಲಿ ಕೆಲಸಗಾರರು ಭಾನುವಾರವೂ ದುಡಿಯುತ್ತಿದ್ದರು. ಮಾಲೀಕರು ದೊರೆಗಳ ಧರ್ಮ ನೋಡಿ ಯಂತ್ರ ನಿಲ್ಲಿಸಲಿಲ್ಲ. ಜ್ಯೋತಿಬಾ ಫುಲೆಯವರ ಒಡನಾಡಿ, 'ದೀನಬಂಧು' ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿ, ಸುಮಾರು 5,500 ಜನರ ಸಹಿ ಹಾಕಿಸಿ ಮನವಿ ಸಲ್ಲಿಸಿದರು. ವಾರಕ್ಕೊಂದು ರಜೆ ಅದರಲ್ಲಿದ್ದ ಮುಖ್ಯ ಬೇಡಿಕೆ. ಆರು ವರ್ಷ ಹೋರಾಟ ನಡೆಯಿತು. 1890ರ ಏಪ್ರಿಲ್‌ನಲ್ಲಿ ಸುಮಾರು 10,000 ಕಾರ್ಮಿಕರ ಸಭೆ ಸೇರಿತು. ಅಲ್ಲಿ ಇಬ್ಬರು ಹೆಣ್ಣು ಕಾರ್ಮಿಕರೂ ಎದ್ದು ಮಾತನಾಡಿದರು. ಕೊನೆಗೆ ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆ ಸೇರಿತು. 2005ರಲ್ಲಿ ಅಂಚೆ ಇಲಾಖೆ ಲೋಖಂಡೆಯವರ ಅಂಚೆಚೀಟಿ ಹೊರತಂದಿತು. ಭಾನುವಾರವೇ ಏಕೆ ಎಂದರೆ ಅದು ಖಂಡೋಬನ ವಾರ ಎಂಬ ಕಾರಣವನ್ನೂ ಅವರು ಮುಂದಿಟ್ಟಿದ್ದರೆನ್ನುತ್ತಾರೆ. ಖಂಡೋಬನೆಂದರೆ ನಮ್ಮ ಕರ್ನಾಟಕದ ಮೈಲಾರಲಿಂಗನೇ.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನೆಯ ಭಾನುವಾರದ ಕಡೆ ನೋಡಿದೆ. ನಮ್ಮ ಕನ್ನಡ ಆರಾಧನೆಗೆ ಎರಡು ಗಾಡಿ ಬದಲಿಸಿ ಹೋಗಬೇಕು. ಭಾನುವಾರ ಮೆಗಾ ಬ್ಲಾಕ್ ಬೇರೆ. ಬಂದೊಡನೆ ಕೋಳಿ ಸಾರು, ನೀರುದೋಸೆ, ಒಬ್ಬಿಬ್ಬರು ನೆಂಟರು. ಊಟವಾದ ಮೇಲೆ ಎಲ್ಲರೂ ಕಾಲು ಚಾಚಿ, "ಆಹಾ, ಭಾನುವಾರ" ಎನ್ನುವರು. ವಾರದಲ್ಲಿ ನನಗೆ ಅತಿ ಹೆಚ್ಚು ಕೆಲಸದ ದಿನ ಅದೇ. ಒಂದು ದಿನ ಸಿಟ್ಟು ಬಂದು, ನನ್ನ ಪರವಾಗಿ ಏನಾದರೂ ಸಿಕ್ಕೀತೆಂದು ವಿಮೋಚನಕಾಂಡ ತೆರೆದೆ. ಬಿಡುವು ಪಡೆಯಬೇಕಾದವರ ಪಟ್ಟಿಯೇ ಅಲ್ಲಿದೆ: ನೀನು, ನಿನ್ನ ಮಗ, ಮಗಳು, ಆಳು, ದಾಸಿ, ದನಕರು, ಊರಿಗೆ ಬಂದ ಪರದೇಶಿ. ಹೆಂಡತಿ ಇಲ್ಲ! "ನೀನು ಎಂಬುದರಲ್ಲಿ ಇಬ್ಬರೂ ಸೇರಿದರು" ಎಂದು ನಮ್ಮ ಸಭಾಪಾಲಕರು ಸಮಾಧಾನ ಹೇಳಿದರು. ಇರಬಹುದು. ಆದರೆ ನನ್ನ ಹೆಸರು ಹುಡುಕಲು ಹೋದವಳ ಕಣ್ಣಿಗೆ ಬಿದ್ದದ್ದು ಇನ್ನೊಬ್ಬಳ ಹೆಸರು.

ಅವಳು ನಮ್ಮ ಮನೆಗೆಲಸದ ಬಾಯಿ. ಯಾದಗಿರಿ ಕಡೆಯವಳು, ಒಂಬತ್ತು ವರ್ಷದಿಂದ ನಮ್ಮಲ್ಲಿ ಪಾತ್ರೆ, ನೆಲ ನೋಡಿಕೊಳ್ಳುತ್ತಾಳೆ. ಭಾನುವಾರ ನಾವು ಮಲಗಿದ ಮೇಲೆ ಮೂರು ಗಂಟೆಗೆ ಬಂದು, ವಾರದಲ್ಲೇ ದೊಡ್ಡದಾದ ಆ ಪಾತ್ರೆಯ ರಾಶಿ ತೊಳೆದು ಹೋಗುತ್ತಿದ್ದಳು. ಧರ್ಮೋಪದೇಶಕಾಂಡದಲ್ಲಿ ಇದೇ ಆಜ್ಞೆ ಮತ್ತೊಮ್ಮೆ ಬರುತ್ತದೆ. ವಿಮೋಚನಕಾಂಡ ಕೊಡುವ ಕಾರಣ, ದೇವರು ಆರು ದಿನದಲ್ಲಿ ಸೃಷ್ಟಿ ಮುಗಿಸಿ ವಿಶ್ರಮಿಸಿದನೆಂಬುದು. ಇಲ್ಲಿ ಕಾರಣವೇ ಬೇರೆ: ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ, ಅದನ್ನು ನೆನೆದು ನಿಮ್ಮ ಆಳುಗಳಿಗೂ ನಿಮ್ಮಷ್ಟೇ ಬಿಡುವು ಕೊಡಿ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಆಜ್ಞೆಯನ್ನು ಒಂಬತ್ತು ವರ್ಷ ಅವಳ ಕೈಯಿಂದ ಮುರಿಸಿದ್ದೆ.

ಮರುದಿನ, "ಇನ್ನು ಭಾನುವಾರ ಬರಬೇಡ, ಸಂಬಳ ಹಿಡಿಯುವುದಿಲ್ಲ" ಎಂದೆ. ಅವಳಿಗೆ ಗಾಬರಿ. "ಯಾಕ್ರೀ ಅಕ್ಕಾರ, ನಂದೇನರ ತಪ್ಪಾಗ್ಯಾದೇನ್ರಿ?" ಎಂದಳು. ತಪ್ಪು ನನ್ನದೆಂದು ಅರ್ಥ ಮಾಡಿಸಲು ಸಾಕಾಯಿತು. ಮುಂದಿನ ಸೋಮವಾರ, ಭಾನುವಾರ ಏನು ಮಾಡಿದೆ ಎಂದು ಕೇಳಿದೆ. "ಐತಾರ ಬೇರೆ ಮೂರು ಮನಿ ಅದಾವಲ್ರಿ. ಆದ್ರ ಮಧ್ಯಾಹ್ನ ಒಂದು ತಾಸು ಮಲ್ಕೊಂಡೆ" ಎಂದಳು. ಅಜ್ಜಿಯ ಐತಾರವೇ ಅವಳ ಬಾಯಲ್ಲೂ. ಆದರೆ ನಾನು ಕೊಟ್ಟೆನೆಂದು ಬೀಗಿದ ದಿನ ಅವಳಿಗೆ ಒಂದು ತಾಸಷ್ಟೇ ಆಗಿತ್ತು.

ಆ ಮೂರು ಮನೆಗಳೂ ನಮ್ಮ ಕಟ್ಟಡದವೇ. ಹೋಗಿ ಮಾತಾಡಿದೆ. ಇಬ್ಬರು ಒಪ್ಪಿದರು. ಮೂರನೆಯವರು, "ನಮಗೆ ಚರ್ಚಿಲ್ಲವಲ್ಲ" ಎಂದರು. ಅವಳಿಗೂ ಚರ್ಚಿಲ್ಲ, ಮೈಲಾರಲಿಂಗನಿದ್ದಾನೆ ಎಂದೆ. ಅವರಿನ್ನೂ ಒಪ್ಪಿಲ್ಲ. ನನ್ನ ಮನೆಯಲ್ಲೂ ಎಲ್ಲ ಸಲೀಸಾಗಲಿಲ್ಲ. ಈಗ ಶನಿವಾರವೇ ಅಜ್ಜಿಯಂತೆ ಮಸಾಲೆ ರುಬ್ಬಿಡುತ್ತೇನೆ. ಭಾನುವಾರದ ಅಡುಗೆ ಒಂದು ಸಾರು, ಅನ್ನ. ಕುಕ್ಕರ್ ಉಜ್ಜುವುದು ಯಜಮಾನರ ಪಾಲು, ತಟ್ಟೆ ಮಗನದು. ಕಳೆದ ಈಸ್ಟರ್‌ಗೆ ಹದಿನಾಲ್ಕು ಜನ ನೆಂಟರು ಬಂದಾಗ ಅವಳಿಗೆ ಫೋನ್ ಮಾಡಲು ಕೈಗೆತ್ತಿಕೊಂಡವಳೇ ನಾನು. ಮಗ, "ಅಮ್ಮ, ಇವತ್ತು ಯಾವ ವಾರ?" ಎಂದ. ಫೋನ್ ಕೆಳಗಿಟ್ಟೆ.

ನಿಯಮ ದೊಡ್ಡದು, ಮನುಷ್ಯ ಚಿಕ್ಕವನು ಎಂದು ನಾನು ಹೇಳುತ್ತಿಲ್ಲ. ಭಾನುವಾರವೂ ದಾದಿಯರು ಆಸ್ಪತ್ರೆಗೆ ಹೋಗಬೇಕು, ಗಾಡಿ ಓಡಬೇಕು. ಹದಿನೆಂಟು ವರ್ಷ ಬೆನ್ನು ಬಾಗಿದ್ದ ಹೆಂಗಸನ್ನು ಯೇಸು ನೆಟ್ಟಗೆ ನಿಲ್ಲಿಸಿದ್ದು ಸಬ್ಬತ್ ದಿನದಂದೇ. ಸಭಾಮಂದಿರದ ಅಧಿಕಾರಿ ಸಿಟ್ಟಾದ; ಅವಳು ದೇವರನ್ನು ಕೊಂಡಾಡಿದಳು.

ಇನ್ನು ಗೆಳತಿಯ ಪ್ರಶ್ನೆ. ಒಂದು ಭಾನುವಾರ ತಪ್ಪಿದರೆ ದೇವರೇನೂ ಮುನಿಸಿಕೊಳ್ಳಲಾರ. ಆದರೆ 'ಇದೊಂದು ಸಲ' ಎನ್ನುವುದು ನನಗೆ ಅಭ್ಯಾಸವಾದರೆ ಅದು ನನ್ನಲ್ಲಿಗೇ ನಿಲ್ಲುವುದಿಲ್ಲ, ಅವಳನ್ನೂ ಕರೆಯುತ್ತದೆ. ಅದಕ್ಕೆಂದೇ ಆ ದಿನಕ್ಕೊಂದು ಬೇಲಿ ಬೇಕು. ಕಾರ್ಯಕ್ರಮ ಸಂಜೆಗಿಟ್ಟರೆ ಖಂಡಿತ ಬರುತ್ತೇನೆ. ಪಾತ್ರೆ ತೊಳೆದು ಹೊರಡುವಷ್ಟರಲ್ಲಿ ಸ್ವಲ್ಪ ತಡವಾದರೆ ಕ್ಷಮಿಸಬೇಕು.